ಹಳೆಯ ವಿದ್ಯಾರ್ಥಿಗಳ ಗೋಡೆ

2025ರ ಮೇ 26, ಸೋಮವಾರ. ಬೆಳಿಗ್ಗೆ 8.40ಕ್ಕೆ ತೀರ್ಥಹಳ್ಳಿ ಠಾಣೆಯ ಮೆಟ್ಟಿಲು ಹತ್ತಿದ ಪೂರ್ಣೇಶನ ಬಿಳಿ ಜುಬ್ಬಾದ ಮೇಲೆ ಸ್ವಾಗತ ಸಮಿತಿಯ ಬ್ಯಾಡ್ಜು ಹಾಗೇ ಇತ್ತು. ಹತ್ತೂವರೆಗೆ ಉದ್ಘಾಟನೆ ಇಟ್ಟುಕೊಂಡಿದ್ದ. ಅತಿಥಿಗಳ ಬದಲು ಪೊಲೀಸರನ್ನು ಕರೆದುಕೊಂಡು ಹೋಗಬೇಕಾಗಿ ಬಂದದ್ದಕ್ಕೆ ಮುಖ ಗಂಟಿಕ್ಕಿತ್ತು. ಕೋಣಂದೂರು ರಸ್ತೆಯಲ್ಲಿ ತಾನು ಹೊಸದಾಗಿ ತೆರೆಯಲಿರುವ ‘ಸಹ್ಯರೇಖಾ ಡಿಸೈನ್ ಅಕಾಡೆಮಿ’ಗೆ ಯಾರೋ ರಾತ್ರಿ ನುಗ್ಗಿದ್ದಾರೆ, ಪ್ರದರ್ಶನಕ್ಕಿಟ್ಟಿದ್ದ ಚಿತ್ರಗಳನ್ನೆಲ್ಲ ಕದ್ದಿದ್ದಾರೆ, ಸ್ವಾಗತ ಕೋಣೆಯ ಗೋಡೆ ಹಾಳು ಮಾಡಿದ್ದಾರೆ ಎಂಬುದು ಅವನ ದೂರು.

ದೂರು ಬರೆದುಕೊಂಡವನು ರಾತ್ರಿ ಪಾಳಿ ಮುಗಿಸಿ ಹೊರಡುವುದರಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ಜಯಪ್ಪ. ಪೂರ್ಣೇಶನಿಗೆ ಅವನ ಗುರುತು ಹತ್ತಲಿಲ್ಲ. ಜಯಪ್ಪನಿಗೆ ಮಾತ್ರ ಆ ಮುಖ ಅಚ್ಚೊತ್ತಿದ ಹಾಗೆ ನೆನಪಿತ್ತು.

ಏಳು ವರ್ಷದ ಹಿಂದೆ ಇದೇ ಪೂರ್ಣೇಶ್ ಸಾಗರದಲ್ಲಿ ಮುಚ್ಚಿಹೋಗಿದ್ದ ಅಕ್ಕಿ ಗಿರಣಿಯೊಂದಕ್ಕೆ ಬಣ್ಣ ಬಳಿದು ‘ಮಲೆಗೆರೆ ಸ್ಕೂಲ್ ಆಫ್ ಡಿಸೈನ್’ ಎಂದು ಬೋರ್ಡು ನೇತುಹಾಕಿದ್ದ. ಡಾಕ್ಟರು, ಎಂಜಿನಿಯರು ಎಲ್ಲ ಹಳೆಯ ಮಾತು, ಇನ್ನು ಡಿಸೈನರುಗಳದ್ದೇ ಕಾಲ ಎಂದು ಸುತ್ತಲಿನ ಪಿಯು ಕಾಲೇಜುಗಳಲ್ಲೆಲ್ಲ ಭಾಷಣವಾಯಿತು. ಮರುವರ್ಷ ಹೊಸನಗರದ ಬಸ್ ಸ್ಟ್ಯಾಂಡಿನ ಎದುರು ಮಹಡಿಯ ಮೇಲೊಂದು ಶಾಖೆ. ಗಾಜಿನ ಬಾಗಿಲು, ತಿರುಗುವ ಕುರ್ಚಿ, ಗೋಡೆ ತುಂಬ ವಿದೇಶದ ಕಟ್ಟಡಗಳ ಪಟ. ಸ್ವಲ್ಪ ಕಾಲ ಚೆನ್ನಾಗಿಯೇ ಮೆರೆಯಿತು. ಕೊರೋನಾ ಬಂದಾಗ ಪಾಠ ಮೊಬೈಲಿಗೆ ಇಳಿಯಿತು, ಫೀಸು ಇಳಿಯಲಿಲ್ಲ. ಆಮೇಲೆ ಮೊದಲ ತಂಡದವರು ಕೆಲಸಕ್ಕೆ ಅರ್ಜಿ ಹಾಕಿದಾಗ ಗೊತ್ತಾಯಿತು: ಆ ಡಿಪ್ಲೊಮಾಕ್ಕೆ ಎಲ್ಲಿಯೂ ಮಾನ್ಯತೆ ಇಲ್ಲ, ಅದು ಪೂರ್ಣೇಶನೇ ಅಚ್ಚು ಹಾಕಿಸಿದ ಚೆಂದದ ಕಾಗದ. ಒಂದು ದಿನ ಹೊಸನಗರದ ಮಹಡಿಗೆ ಬೀಗ ಬಿತ್ತು, ಸ್ವಲ್ಪ ದಿನಕ್ಕೆ ಸಾಗರದ ಗಿರಣಿಗೂ ಬಿತ್ತು. ದೂರು ಹೊತ್ತು ಅಲೆದ ತಂದೆತಾಯಿಗಳಿಗೆ ಇದು ಸಿವಿಲ್ ವ್ಯವಹಾರ, ಕೋರ್ಟಿಗೆ ಹೋಗಿ ಎಂಬ ಉತ್ತರ ಸಿಕ್ಕಿತು. ಅಲೆದವರಲ್ಲಿ ಜಯಪ್ಪನೂ ಒಬ್ಬ. ಖಾಕಿ ಹಾಕಿದವನಿಗೆ ಖಾಕಿಯಿಂದ ಅಂಥ ಉತ್ತರ ಕೇಳಿಸಿಕೊಳ್ಳುವುದು ಎಂಥ ಅವಮಾನವೆಂದು ಅವನು ಹೆಂಡತಿಗೂ ಹೇಳಿಕೊಂಡಿರಲಿಲ್ಲ.

ಹೊಸನಗರ ಶಾಖೆಯ ಮೊದಲ ತಂಡದಲ್ಲಿ ಅವನ ಮಗಳು ಯಶಸ್ವಿನಿ ಇದ್ದಳು. ಮಲೆಗೆರೆ ಮುಚ್ಚಿದ ಮೇಲೆ ಅವಳು ಕುಂಚ ಕಟ್ಟಿಟ್ಟು, ಪಿಯುಸಿ ಅಂಕದ ಬಲದಲ್ಲಿ ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಪರೀಕ್ಷೆ ಬರೆದಳು. ಆಯ್ಕೆಯೂ ಆಯಿತು. ಪೊಲೀಸ್ ವೆರಿಫಿಕೇಶನ್ ಒಂದು ಮುಗಿದರೆ ಆದೇಶ ಕೈಗೆ ಬರುತ್ತಿತ್ತು. ಆ ಹೊತ್ತಿನಲ್ಲಿ ಅವಳ ಹೆಸರು ಯಾವುದಾದರೂ ಎಫ್‌ಐಆರ್‌ನಲ್ಲಿ ಬಂದರೆ ಏನಾಗುತ್ತದೆ ಎಂದು ಜಯಪ್ಪನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಕಳವು ಮತ್ತು ಆಸ್ತಿ ಹಾನಿಗೆಂದು ಭಾರತೀಯ ನ್ಯಾಯ ಸಂಹಿತೆ ಕಲಂ 305, 324ರ ಅಡಿ ಎಫ್‌ಐಆರ್ ದಾಖಲಾಯಿತು. 9.30ಕ್ಕೆ ಇನ್‌ಸ್ಪೆಕ್ಟರ್ ಮೇಘನಾ, ಕಾನ್‌ಸ್ಟೆಬಲ್ ಆದರ್ಶ ಮತ್ತು ಜಯಪ್ಪ ಸ್ಥಳಕ್ಕೆ ಹೋದರು. ಪಾಳಿ ಮುಗಿದಿದ್ದರೂ ಜಯಪ್ಪ ತಾನೇ ಮುಂದೆ ಬಿದ್ದು ಜೀಪು ಹತ್ತಿದ್ದ.

ಬಾಗಿಲು ಒಡೆದಿರಲಿಲ್ಲ. ಒಳಗೆ ಚಿತ್ರವಿಲ್ಲದ ಫ್ರೇಮುಗಳನ್ನು ದೊಡ್ಡದು ಕೆಳಗೆ, ಚಿಕ್ಕದು ಮೇಲೆ ಬರುವಂತೆ ಒಪ್ಪವಾಗಿ ಜೋಡಿಸಿಟ್ಟಿದ್ದರು. ಬಿಚ್ಚಿದ ಸ್ಕ್ರೂಗಳೆಲ್ಲ ಒಂದು ಕಾಗದದ ಲೋಟದಲ್ಲಿದ್ದವು. ಸ್ವಾಗತ ಕೋಣೆಯ ಗೋಡೆಗೆ ಅಂಟಿಸಿದ್ದ ದೊಡ್ಡ ಪೋಸ್ಟರನ್ನು ಕೆರೆದು ತೆಗೆದು, ಮೇಲಿಂದ ಕೆಳಗಿನವರೆಗೆ ಕೆಮ್ಮಣ್ಣು ಬಳಿಯಲಾಗಿತ್ತು. ಅಡ್ಡಕ್ಕೊಂದು ಸಲ, ಉದ್ದಕ್ಕೊಂದು ಸಲ. ನೆಲದ ಮೇಲೆ ಒಂದು ಹನಿ ಮಣ್ಣಿರಲಿಲ್ಲ. ಬಾಗಿಲ ಚೌಕಟ್ಟಿಗೂ ಸ್ವಿಚ್ ಬೋರ್ಡಿಗೂ ಸುತ್ತ ಕಾಗದದ ಟೇಪು ಅಂಟಿಸಿ ಬಳಿದಿದ್ದರು. ಸ್ವಿಚ್ ಬೋರ್ಡಿನ ಟೇಪು ಹಾಗೇ ಉಳಿದಿತ್ತು.

“ಹಾಳು ಮಾಡೋಕೆ ಬಂದೋನು ಸ್ವಿಚ್ ಬೋರ್ಡಿಗೆ ಟೇಪ್ ಯಾಕೆ ಹಚ್ತಾನೆ?” ಎಂದರು ಮೇಘನಾ.

“ಶಾಕ್ ಹೊಡೀಬಾರ್ದು ಅಂತ ಇರ್ಬಹುದು ಮೇಡಂ,” ಎಂದ ಆದರ್ಶ.

ಜಯಪ್ಪ ಬಗ್ಗಿ ಟೇಪಿನ ಅಂಚು ನೋಡಿದ. ಹೋದ ದೀಪಾವಳಿಗೆ ಮನೆಗೆ ಬಣ್ಣ ಬಳಿಯುವಾಗ ಯಶಸ್ವಿನಿ ಮೀಟರ್ ಬೋರ್ಡಿನ ಸುತ್ತ ಹೀಗೆಯೇ ಟೇಪು ಹಚ್ಚಿದ್ದಳು. ಇದೇನೇ ಗೋಡೆಗೆ ಬ್ಯಾಂಡೇಜು ಎಂದು ಅವನು ಗೇಲಿ ಮಾಡಿದ್ದಕ್ಕೆ, “ಗೋಡೆ ಮುಟ್ಟೋ ಮುಂಚೆ ಸುತ್ತ ಇರೋದನ್ನ ಕಾಪಾಡ್ಬೇಕು ಅಂತ ನಮ್ ಸರ್ ಹೇಳ್ಕೊಟ್ಟಿದ್ದಾರೆ,” ಎಂದಿದ್ದಳು. ಮಲೆಗೆರೆಯಲ್ಲಿ ಕಲಿತವರ ಕೈಗೆ ಅಭ್ಯಾಸವಾಗಿ ಉಳಿದದ್ದು ಬಹುಶಃ ಅದೊಂದೇ.

ಗೋಡೆಯ ಮೇಲೆ ಮೊದಲು ಏನಿತ್ತೆಂದು ಕಾವಲುಗಾರ ಜಟ್ಟಿಂಗಪ್ಪನ ಮೊಬೈಲಿನಲ್ಲಿ ಸಿಕ್ಕಿತು. ಹಿಂದಿನ ದಿನ ಸಂಜೆ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡಿದ್ದ. ‘ನಮ್ಮ ಹಳೆಯ ವಿದ್ಯಾರ್ಥಿಗಳು ಇಂದು ಎಲ್ಲಿದ್ದಾರೆ?’ ಎಂಬ ದಪ್ಪಕ್ಷರದ ಕೆಳಗೆ ಸಾಲು ಸಾಲು ಮುಖಗಳು. ಒಬ್ಬ ಪುಣೆಯ ಕಾರು ಕಂಪನಿಯಲ್ಲಿ, ಒಬ್ಬಳು ಸಿಂಗಪುರದಲ್ಲಿ. ಆದರ್ಶ ಪಟವನ್ನು ಬೆರಳಿನಿಂದ ಹಿಗ್ಗಿಸಿದ.

“ಜಯಪ್ಪಣ್ಣ, ಇದು ನಿಮ್ ಮಗಳಲ್ವಾ? ಸೀನಿಯರ್ ಇಂಟೀರಿಯರ್ ಡಿಸೈನರ್, ದುಬೈ ಅಂತ ಇದೆ.”

“ದುಬೈಗೆ ಯಾವತ್ತು ಹೋದ್ಲು?” ಎಂದರು ಮೇಘನಾ.

“ಶಿವಮೊಗ್ಗದಿಂದ ಆಚೆಗೆ ಹೋಗಿಲ್ಲ ಮೇಡಂ.”

ಮೇಘನಾ ಅವನನ್ನು ಪಕ್ಕಕ್ಕೆ ಕರೆದರು. “ಈ ಕೇಸಲ್ಲಿ ನೀವು ಇರೋದು ಸರಿಯಾ? ನಂಗೆ ಹೇಳ್ಬೇಕಾದ್ದು ಏನಾದ್ರೂ ಇದ್ರೆ ಈಗ್ಲೇ ಹೇಳಿ.”

“ಏನಿಲ್ಲ ಮೇಡಂ,” ಎಂದ ಜಯಪ್ಪ.

ಎದುರಿನ ಹೋಟೆಲಿನ ಹೂವಯ್ಯನನ್ನೂ ಪಕ್ಕದ ಅಂಗಡಿಯವನನ್ನೂ ಪಂಚರನ್ನಾಗಿ ಕರೆದು ಸ್ಥಳ ಪಂಚನಾಮೆ ಬರೆಸಿ ಮುಗಿಸುವಾಗ ಹನ್ನೊಂದು ಗಂಟೆ. ಉದ್ಘಾಟನೆಗೆಂದು ಬಂದವರು ಹೂವಯ್ಯನ ಹೋಟೆಲಿನಲ್ಲಿ ಚಹಾ ಕುಡಿದು ವಾಪಸು ಹೋದರು. ಆಮೇಲೆ ವಿಚಾರಣೆಗೆ ಬಂದವರು ನಟರಾಜ್ ಮೇಷ್ಟ್ರು. ಮಲೆಗೆರೆಯ ಎರಡೂ ಕಡೆ ಚಿತ್ರಕಲೆ ಕಲಿಸಿದವರು ಅವರೇ, ಸಹ್ಯರೇಖಾಕ್ಕೆ ಈಗ ಸೇರಿದ್ದವರೂ ಅವರೇ. ಜಯಪ್ಪನನ್ನು ಕಂಡು ಕೈ ಮುಗಿದರು, ಕಣ್ಣು ಮಾತ್ರ ಮೇಲೆ ಬರಲಿಲ್ಲ.

“ಕೀಲಿ ಎಷ್ಟಿದಾವೆ?” ಮೇಘನಾ ಕೇಳಿದರು.

“ಮೂರು. ಒಂದು ಪೂರ್ಣೇಶ್ ಅವ್ರ ಹತ್ರ, ಒಂದು ನನ್ನ ಹತ್ರ. ಇನ್ನೊಂದು ಜಟ್ಟಿಂಗಪ್ಪ ಮೊಳೆಗೆ ಹಾಕ್ತಾನೆ.”

“ರಾತ್ರಿ ಜಟ್ಟಿಂಗಪ್ಪ ಎಲ್ಲಿದ್ದ?”

“ಬೀಗರ ಊಟಕ್ಕೆ ಹೋಗಿದ್ನಂತೆ.”

“ಚಿತ್ರಗಳು ಯಾರ್ದು?”

“ಮಕ್ಳದ್ದು.”

“ಕಾಲೇಜಿಂದು,” ಎಂದು ಪೂರ್ಣೇಶ್ ನಡುವೆ ಬಾಯಿ ಹಾಕಿದ. “ವಿದ್ಯಾರ್ಥಿಗಳು ಮಾಡಿದ್ದೆಲ್ಲ ಸಂಸ್ಥೆಯ ಆಸ್ತಿ ಅಂತ ಸೇರುವಾಗ್ಲೇ ಸಹಿ ಹಾಕಿದಾರೆ. ಮೂರು ವರ್ಷ ಸಾಗರದ ಗಿರಣೀಲಿ ಜೋಪಾನವಾಗಿ ಇಟ್ಟಿದ್ದೆ.”

“ಚಿತ್ರದ ಮೇಲೆ ಹೆಸರಿರ್ಲಿಲ್ವಾ?” ಮೇಘನಾ ಮೇಷ್ಟ್ರನ್ನೇ ಕೇಳಿದರು.

“ಕೆಳಗಡೆ ಇತ್ತು. ಫ್ರೇಮ್ ಹಾಕುವಾಗ ಆ ಪಟ್ಟಿ ಕತ್ತರಿಸಿ ಅಂದ್ರು. ಕತ್ತರಿಸ್ದೆ.”

ಅಷ್ಟೇ. ಜಯಪ್ಪ ಅವರ ಬೆನ್ನನ್ನೇ ನೋಡುತ್ತ ನಿಂತ. ಇದೇ ಮನುಷ್ಯ ಒಂದು ಮಧ್ಯಾಹ್ನ ಹೊಸನಗರದ ಅವನ ಮನೆಗೆ ಬಂದು, ಹೆಂಡತಿ ಹೂವಮ್ಮ ಬಡಿಸಿದ ಕಡುಬು ತಿಂದು, ಗೋಡೆಯ ಮೇಲೆ ತಾಯಿ ಮಗಳು ಸೇರಿ ಬರೆದ ಹಸೆ ಚಿತ್ತಾರವನ್ನು ತುಂಬ ಹೊತ್ತು ನೋಡಿದ್ದರು. “ಈ ಕೈ ವೇಸ್ಟ್ ಆಗ್ಬಾರ್ದು ಜಯಪ್ಪನವ್ರೇ, ನಾನಿದ್ದೀನಲ್ಲ,” ಎಂದಿದ್ದರು. ಹಾಗೆ ಮಕ್ಕಳನ್ನು ಸೇರಿಸಲು ಅವರು ಹತ್ತದ ಮನೆಯ ಮೆಟ್ಟಿಲಿರಲಿಲ್ಲ. ಮಲೆಗೆರೆ ಮುಳುಗಿದಾಗ ಜನ ಪೂರ್ಣೇಶನನ್ನು ಹಿಡಿಯಲಾಗಲಿಲ್ಲ, ಅವನು ಕಾರಿನ ಗಾಜು ಏರಿಸಿಕೊಂಡು ಹೋದ. ಬಸ್ ಸ್ಟ್ಯಾಂಡಿನಲ್ಲಿ ಕೊರಳಪಟ್ಟಿ ಹಿಡಿಸಿಕೊಂಡವರು ಮೇಷ್ಟ್ರು. ಅಂಥವರು ಮತ್ತೆ ಅದೇ ಪೂರ್ಣೇಶನ ಕೈಕೆಳಗೆ ಬಂದು ನಿಂತಿರುವುದನ್ನು ಕಂಡು ಜಯಪ್ಪನಿಗೆ ಅಸಹ್ಯವಾಯಿತು.

ಸಂಜೆ ನಾಲ್ಕರ ಬಸ್ಸಿಗೆ ಹೊಸನಗರಕ್ಕೆ ಹೋದ. ಹೂವಮ್ಮ ಡೇರಿಗೆ ಹಾಲು ಕೊಡಲು ಹೋಗಿದ್ದಳು. ಯಶಸ್ವಿನಿ ಒಳಕೋಣೆಯ ಮಂಚದ ಮೇಲೆ ದೊಡ್ಡ ಕಾಗದವೊಂದನ್ನು ಹರಡಿಕೊಂಡು ಕೂತಿದ್ದಳು. ತಾಯಿಯ ಚಿತ್ತಾರದ ಎಳೆಗಳನ್ನೇ ಹಿಗ್ಗಿಸಿ ಕುಗ್ಗಿಸಿ ಸೀರೆಯ ಅಂಚಿಗೆಂದು ಬರೆದ ವಿನ್ಯಾಸ ಅದು. ಕೆಳಗೆ ಹೆಸರಿದ್ದ ಪಟ್ಟಿ ಕತ್ತರಿಸಿಹೋಗಿತ್ತು.

“ನೀನು ತೀರ್ಥಹಳ್ಳಿಗೆ ಹೋಗಿದ್ಯಾ?”

“ಇಲ್ಲ ಅಪ್ಪಯ್ಯ.”

“ಮತ್ತೆ ಇದು ಹೆಂಗೆ ಬಂತು?”

“ಬಂತು.”

“ಯಾರು ಕೊಟ್ರು?”

“ಕೇಳ್ಬೇಡ. ಕೇಳಿದ್ರೆ ನೀನು ಬರ್ಕೊಳ್ಬೇಕಾಗ್ತದೆ.”

ಅವಳು ಮಾಡಿಲ್ಲ ಎನ್ನುವುದು ಜಯಪ್ಪನಿಗೆ ಮುಖ ನೋಡಿಯೇ ತಿಳಿಯಿತು. ಎದೆಯ ಮೇಲಿನ ಅರ್ಧ ಭಾರ ಇಳಿಯಿತು, ಇನ್ನರ್ಧ ಹಾಗೇ ಉಳಿಯಿತು. ಕದ್ದ ಮಾಲು ಮನೆಯಲ್ಲಿ ಸಿಕ್ಕರೆ ಕದ್ದವರ ಪಕ್ಕದಲ್ಲೇ ಅವಳ ಹೆಸರು. ಜಯಪ್ಪ ಆ ಚಿತ್ರವನ್ನು ಸುರುಳಿ ಸುತ್ತಿ ಅಟ್ಟದ ಮೇಲಿಟ್ಟ. ಸರ್ವಿಸಿನಲ್ಲಿ ಎಷ್ಟು ಅಟ್ಟಗಳನ್ನು ಹತ್ತಿ ಇಂಥವನ್ನು ಇಳಿಸಿದ್ದನೋ, ಇಡಲು ಹತ್ತಿದ್ದು ಅದೇ ಮೊದಲು.

ಮರುದಿನ, ಮಂಗಳವಾರ ಬೆಳಿಗ್ಗೆ ಆದರ್ಶ ಮೊಬೈಲು ಹಿಡಿದುಕೊಂಡೇ ಠಾಣೆಗೆ ಬಂದ. ಕೋಣಂದೂರಿನ ಹುಡುಗನೊಬ್ಬ ವಾಟ್ಸಾಪ್ ಸ್ಟೇಟಸ್‌ಗೆ ಒಂದು ಚಿತ್ರ ಹಾಕಿದ್ದ, ‘ಕೊನೆಗೂ ಮನೆಗೆ ಬಂತು’ ಎಂದು ಬರೆದು.

ಆ ಹುಡುಗ ರಕ್ಷಿತ್. ಪೋಸ್ಟರಿನಲ್ಲಿ ಪುಣೆಯ ಕಾರು ಕಂಪನಿಗೆ ಸೇರಿಸಲಾಗಿದ್ದವನು ಇವನೇ. ನಿಜದಲ್ಲಿ ಕೋಣಂದೂರು ಸಂತೆಮಾಳದ ಹತ್ತಿರ ಬೈಕುಗಳ ನಂಬರ್ ಪ್ಲೇಟು ಬರೆಯುವ, ಹುಟ್ಟುಹಬ್ಬದ ಫ್ಲೆಕ್ಸು ಮಾಡುವ ಅಂಗಡಿ ಇಟ್ಟುಕೊಂಡಿದ್ದ. ಕದ್ದ ಮಾಲನ್ನು ಗಲ್ಲಾಪೆಟ್ಟಿಗೆಯ ಮೇಲೆಯೇ ತೂಗುಹಾಕಿದ್ದ. ಬಿದಿರಿನ ಕುರ್ಚಿಯ ಚಿತ್ರ.

“ಎಲ್ಲಿಂದ ಬಂತು ಇದು?”

“ಬಸ್ಸಲ್ಲಿ ಬಂತು. ಕಂಡಕ್ಟರು ಕೊಟ್ಟು ಹೋದ್ರು.”

“ಕದ್ದ ಮಾಲು ಅಂತ ಗೊತ್ತಾ?”

“ನಾನು ಬರೆದಿದ್ದು ನಂಗೆ ಬಂತು. ಅದು ಹೆಂಗೆ ಕದ್ದ ಮಾಲಾಗ್ತದೆ ಮೇಡಂ? ಮೂರು ವರ್ಷ ಅವರು ಗಿರಣೀಲಿ ಬೀಗ ಹಾಕಿ ಇಟ್ಕಂಡಿದ್ರಲ್ಲ, ಅದಕ್ಕೆ ಎಂಥ ಅಂತೀರಿ?”

ಮೇಘನಾ ಆ ಖಾಸಗಿ ಬಸ್ಸಿನ ಕಂಡಕ್ಟರ್ ಗಣೇಶಮೂರ್ತಿಯನ್ನು ಸ್ಟ್ಯಾಂಡಿನಲ್ಲೇ ಹಿಡಿದರು. ಈ ಕಡೆ ಔಷಧ, ಬಸಳೆ ಬಳ್ಳಿ, ಮದುವೆ ಕಾಗದ ಎಲ್ಲ ಹೀಗೆ ಕಂಡಕ್ಟರ ಕೈಯಲ್ಲೇ ಊರೂರು ಸೇರುತ್ತವೆ, ಯಾರೂ ರಸೀದಿ ಕೇಳುವುದಿಲ್ಲ. ಸೋಮವಾರ ಮೊದಲ ಟ್ರಿಪ್ಪಿಗೆ ಬಸ್ಸು ತೆಗೆಯುವಾಗ ಮುಂದಿನ ಸೀಟಿನ ಕೆಳಗೆ ಸುರುಳಿಗಳ ಕಟ್ಟು ಇತ್ತು, ಒಂದೊಂದರ ಹೊರಗೆ ಸುತ್ತಿದ ಕಾಗದದ ಮೇಲೂ ಅಚ್ಚಿನಂಥ ಅಕ್ಷರದಲ್ಲಿ ಹೆಸರು, ಊರು ಬರೆದಿತ್ತು ಎಂದ ಗಣೇಶಮೂರ್ತಿ. ಇಟ್ಟವರನ್ನು ನೋಡಲಿಲ್ಲ. “ಯಾರೋ ಕ್ಯಾಲೆಂಡರ್ ಕಳ್ಸಿದಾರೆ ಅಂದ್ಕಂಡೆ ಮೇಡಂ. ಊರು ಬಂದಾಗ ಇಳಿಸ್ದೆ. ಸಾಗರದ್ದನ್ನ ಹೊಸನಗರದಲ್ಲಿ ಬೇರೆ ಬಸ್ಸಿಗೆ ಹಾಕ್ದೆ.”

ಸಾಗರದಲ್ಲಿ ಹುಡುಕಿದ್ದು ಹರಿಪ್ರಿಯಾ ಎಂಬ ಹುಡುಗಿಯ ಮನೆ. ಪೋಸ್ಟರಿನ ಪ್ರಕಾರ ಸಿಂಗಪುರದಲ್ಲಿ ಇರಬೇಕಾದವಳು, ಸೀರೆ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತು ಸೀರೆ ಬಿಚ್ಚಿ ತೋರಿಸುವ ಕೆಲಸ ಮಾಡುತ್ತಿದ್ದಳು. ಅವತ್ತು ರಜೆಯ ಮೇಲೆ ಮನೆಯಲ್ಲಿದ್ದಳು. ಬಾಗಿಲಲ್ಲಿ ಖಾಕಿ ಕಂಡ ಕೂಡಲೇ ಅವಳ ತಾಯಿ ಮೀನಾಕ್ಷಮ್ಮ ಒಳಗಿನಿಂದ ಧಾವಿಸಿ ಬಂದಳು.

“ಎಂತಾತೇ ಹರಿ? ಪೊಲೀಸು ಎಂತಕ್ಕೆ ಮನೆಗೆ ಬತ್ತು? ಎಂಗೊ ಎಂತದೂ ಮಾಡಿದ್ದಿಲ್ಲೆ.”

“ಎಂತದೂ ಇಲ್ಲೆ ಅಮ್ಮ, ನೀ ಒಳಗೆ ಹೋಗು,” ಎಂದು ಹರಿಪ್ರಿಯಾ ತಾನೇ ಸುರುಳಿ ತಂದು ಮೇಜಿನ ಮೇಲಿಟ್ಟಳು. ಕಳಿಸಿದವರು ಯಾರೆಂದು ಕೇಳಿದ್ದಕ್ಕೆ, “ಗೊತ್ತಿಲ್ಲ. ಗೊತ್ತಿದ್ರೂ ಹೇಳೋದಿಲ್ಲ, ಬರ್ಕೊಳ್ಳಿ,” ಎಂದಳು. ರಕ್ಷಿತ್‌ನ ಅಂಗಡಿಯಲ್ಲಿ ಮಾಡಿದ ಹಾಗೆ ಇಲ್ಲೂ ಮೇಘನಾ ಫೋಟೊ ಮಾತ್ರ ತೆಗೆಸಿ, ಜಪ್ತಿಗೆ ಆಮೇಲೆ ಬರುತ್ತೇವೆಂದು ಸುರುಳಿಯನ್ನು ಬಿಟ್ಟು ಹೊರಟರು.

ವಾಪಸು ಬರುವಾಗ ಜೀಪಿನಲ್ಲಿ ಮೇಘನಾ ಬೆರಳು ಮಡಿಸುತ್ತ ಲೆಕ್ಕ ಹಾಕಿದರು. “ಚಿತ್ರದ ಮೇಲೆ ಹೆಸರಿಲ್ಲ. ಕೋಣಂದೂರಿನ ಹುಡುಗ ಹೊಸನಗರದಲ್ಲಿ ಓದಿದವನು, ಈ ಹುಡುಗಿ ಸಾಗರದಲ್ಲಿ. ಒಬ್ಬರಿಗೊಬ್ಬರ ಮುಖ ಗೊತ್ತಿಲ್ಲ. ಆದ್ರೂ ಒಂದೂ ತಪ್ಪದೆ ಅವರವರದ್ದು ಅವರವರಿಗೆ ಹೋಗಿದೆ. ಕೈ ನೋಡಿದ್ರೆ ಇದು ಇಂಥವರದ್ದು ಅಂತ ಹೇಳೋದು ಎರಡೂ ಕಡೆ ಕಲಿಸಿದವರಿಗೆ ಮಾತ್ರ ಸಾಧ್ಯ.”

“ನಟರಾಜ್ ಮೇಷ್ಟ್ರು,” ಎಂದ ಜೀಪು ಓಡಿಸುತ್ತಿದ್ದ ಆದರ್ಶ.

“ಹೌದು. ಆದ್ರೆ ಅವರ ಕೈಯಲ್ಲಿ ಒಂದು ಸುರುಳಿ ಕಂಡೆ ಅನ್ನೋರು ಒಬ್ರೂ ಇಲ್ಲ. ಪೂರ್ಣೇಶ್ ಬೇರೆ ಲಾಯರ್ ಕೈಲಿ ಅರ್ಜಿ ಕೊಟ್ಟಿದಾನೆ. ಯಾರ್ಯಾರ ಮನೇಲಿ ಚಿತ್ರ ಸಿಗ್ತದೋ ಅವರನ್ನೆಲ್ಲ ಕದ್ದ ಮಾಲು ಇಟ್ಕೊಂಡಿದ್ದಕ್ಕೆ ಆರೋಪಿ ಮಾಡ್ಬೇಕಂತೆ. ಕಳ್ಳ ಸಿಗದಿದ್ರೆ ಹಾಗೇ ಮಾಡ್ಬೇಕಾಗ್ತದೆ.”

ಜೀಪು ಹೊಸನಗರದ ಒಳಗೆ ಬಂದಿತ್ತು. ತಾಲ್ಲೂಕು ಕಚೇರಿ ದಾಟಿತು. ಹಿಂದಿನ ಸೀಟಿನಲ್ಲಿದ್ದ ಜಯಪ್ಪ ಮುಂದಕ್ಕೆ ಬಾಗಿದ.

“ಮೇಡಂ, ಗಾಡಿ ನಿಲ್ಸಿ,” ಎಂದ. “ನಮ್ಮನೇಲೂ ಒಂದಿದೆ.”

ಆದರ್ಶ ಬ್ರೇಕು ಹಾಕಿದ. ಮೇಘನಾ ತಿರುಗಿ ನೋಡಲಿಲ್ಲ.

“ಯಾವಾಗಿಂದ ಗೊತ್ತು?”

“ನಿನ್ನೆ ಸಂಜೆಯಿಂದ.”

“ಯಾರು ತಂದ್ಕೊಟ್ರು?”

“ಬಸ್ಸಲ್ಲಿ ಬಂದಿದ್ರೆ ಹಂಗೇ ಹೇಳ್ತಿದ್ಲು ಮೇಡಂ. ಯಾರೋ ಕೈಯಾರೆ ಕೊಟ್ಟಿದಾರೆ. ಮಗಳು ಹೇಳ್ತಿಲ್ಲ.”

ಮೇಘನಾ ಇಳಿದು ಅವನ ಮನೆಯ ಕಡೆಗೇ ನಡೆದರು. ಸಂಜೆ 5.20ಕ್ಕೆ ಜಪ್ತಿ ಪಂಚನಾಮೆ ಆಯಿತು. ಜಯಪ್ಪ ಬರೆಯುವ ಹಾಗಿರಲಿಲ್ಲ, ಆದರ್ಶ ಬರೆದ. ಪಕ್ಕದ ಮನೆಯ ಇಬ್ಬರು ಪಂಚರಾಗಿ ಬಂದು, ಹೆಡ್ ಕಾನ್‌ಸ್ಟೆಬಲ್ ಮನೆಯ ಅಟ್ಟದಿಂದ ಕದ್ದ ಮಾಲು ಇಳಿಯುವುದನ್ನು ಕಣ್ಣರಳಿಸಿ ನೋಡಿದರು. ಹೂವಮ್ಮ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಮೇಘನಾ ಕೇಳಿದ ಯಾವ ಪ್ರಶ್ನೆಗೂ ಯಶಸ್ವಿನಿ ಬಾಯಿ ಬಿಡಲಿಲ್ಲ.

ಹೊರಡುವಾಗ ಮೇಘನಾ ಜಯಪ್ಪನಿಗೆ ಹೇಳಿದರು: “ಮುಚ್ಚಿಟ್ಟಿದ್ದಕ್ಕೆ ನಿಮಗೆ ಮೆಮೋ ಬರ್ತದೆ, ಅದು ಬೇರೆ. ನಾಳೆ ಹತ್ತು ಗಂಟೆಗೆ ನಿಮ್ಮ ಮಗಳು ಠಾಣೆಗೆ ಬಂದು ಯಾರು ಕೊಟ್ರು ಅಂತ ಹೇಳ್ಲಿ. ಹೇಳಿದ್ರೆ ಅವಳು ಸಾಕ್ಷಿ. ಇಲ್ದಿದ್ರೆ ಆರೋಪಿ. ಮಧ್ಯ ಇನ್ನೊಂದು ದಾರಿ ನಂಗೂ ಗೊತ್ತಿಲ್ಲ.”

ಜೀಪು ಹೋದ ಮೇಲೆ ಜಯಪ್ಪ ಯೂನಿಫಾರ್ಮಿನಲ್ಲೇ ಮಗಳ ಎದುರು ನೆಲದ ಮೇಲೆ ಕೂತ.

“ಮೇಷ್ಟ್ರಲ್ವಾ?”

ಅವಳು ಖಾಲಿ ಅಟ್ಟದ ಕಡೆ ನೋಡಿದಳು.

“ಅವರು ಹೆಂಗೂ ಸಿಗ್ತಾರೆ ಮಗಾ. ಮೇಡಂಗೆ ಆಗ್ಲೇ ಗೊತ್ತಾಗಿದೆ.”

“ನಾನು ಹೇಳ್ದಿದ್ರೂ ಸಿಗ್ತಾರೆ ಅಂದ್ರೆ ನಾನ್ಯಾಕೆ ಹೇಳ್ಬೇಕು?”

“ನಿನ್ನ ಆರ್ಡರಿಗೆ.”

“ಉಳಿದೋರಿಗೆಲ್ಲ ಬಸ್ಸಲ್ಲಿ ಕಳ್ಸಿದ್ರಂತೆ ಅಪ್ಪಯ್ಯ. ನಮ್ಮನೆಗೆ ಮಾತ್ರ ಬೆಳಕು ಹರಿಯೋ ಮುಂಚೆ ಬೈಕಲ್ಲಿ ಬಂದ್ರು. ನಿಮ್ಮನೇಲಿ ಉಂಡಿದೀನಿ, ನಿಂದನ್ನ ಬಸ್ಸಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ ಅಂದ್ರು. ಅಷ್ಟು ಹೇಳಿ ನೀರೂ ಕುಡೀದೆ ಹೋದ್ರು. ಆ ಒಂದಕ್ಕೆ ಅವರನ್ನ ಹಿಡ್ಕೊಡ್ಲಾ?”

ಜಯಪ್ಪ ಮಗಳ ಎರಡೂ ಕೈ ಹಿಡಿದುಕೊಂಡು ಅತ್ತ. ಅವನು ಅತ್ತದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮೂರು ವರ್ಷ ಒಂದು ಸಲ ಮಣ್ಣುಪಾಲಾಯಿತು, ಇದೂ ಹೋದರೆ ನಾನು ಬದುಕಿದ್ದೂ ಸತ್ತ ಹಾಗೆ ಎಂದ. ತಾನು ಮಾಡುತ್ತಿರುವುದು ಎಂಥ ಕೆಲಸವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಅವಳು ಕೈ ಬಿಡಿಸಿಕೊಂಡು, “ಆಯ್ತು, ಎದ್ದೇಳು,” ಎಂದಳು.

ಮೇ 28, ಬುಧವಾರ. 10.15ರಿಂದ 10.40ರವರೆಗೆ ಯಶಸ್ವಿನಿಯ ಹೇಳಿಕೆ ದಾಖಲಾಯಿತು. ಮಲೆಗೆರೆಯ ಹಳೆಯ ವಿದ್ಯಾರ್ಥಿಗಳಲ್ಲಿ ಪೊಲೀಸರು ಮಾತಾಡಿಸಿದವರ ಪೈಕಿ ಮೇಷ್ಟ್ರ ಹೆಸರು ಹೇಳಿದವಳು ಅವಳೊಬ್ಬಳೇ. ಮುಗಿದ ಮೇಲೆ ಸಹಿ ಎಲ್ಲಿ ಹಾಕಬೇಕೆಂದು ಪೆನ್ನು ಹಿಡಿದು ಹುಡುಕಿದಳು. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಹಿ ಬೇಡ ಎಂದ ಆದರ್ಶ. ಅವಳು ಪೆನ್ನು ಕೆಳಗಿಟ್ಟು ಹೊರಗೆ ಬಂದಳು.

ಜೀಪು ಚಾಲೂ ಆಗಿತ್ತು. ಮೇಷ್ಟ್ರ ಬಾಡಿಗೆ ಕೋಣೆಗೆ ಹೊರಡಬೇಕು. ಅಷ್ಟರಲ್ಲಿ ಮೇಷ್ಟ್ರೇ ಠಾಣೆಯ ಮೆಟ್ಟಿಲು ಹತ್ತಿ ಬರುತ್ತಿದ್ದರು. ಹೆಗಲಿಗೆ ಬಟ್ಟೆಯ ಚೀಲ, ಅದರಲ್ಲಿ ಒಂದು ಟವೆಲು, ಎರಡು ಜೊತೆ ಬಟ್ಟೆ. ಜೈಲಿಗೆ ಬೇಕಾದ್ದನ್ನು ಜೋಡಿಸಿಕೊಂಡು ಬಂದ ಹಾಗಿತ್ತು. ಯಶಸ್ವಿನಿಯನ್ನು ಕಂಡು ಅಲ್ಲೇ ನಿಂತುಬಿಟ್ಟರು.

“ನೀನ್ಯಾಕೆ ಇಲ್ಲಿಗೆ ಬಂದೆ? ನಿನ್ನನ್ನೂ ಹಿಡ್ಕಂಡು ಬಂದ್ರಾ?”

ಅವಳು ತಲೆ ತಗ್ಗಿಸಿದಳು. ಅವರು ತಡೆಯದೆ ಒಳಗೆ ಹೋದರು.

“ಮಕ್ಳನ್ನ ಬಿಡಿ ಮೇಡಂ. ಅವರ ಹೆಸರು ಎಲ್ಲೂ ಬರೀಬೇಡಿ. ಎಲ್ಲ ನಾನೇ ಮಾಡಿದ್ದು. ಅದನ್ನ ಹೇಳೋಕೇ ಬಂದೆ.”

ಬಾಗಿಲಲ್ಲಿ ನಿಂತಿದ್ದ ಜಯಪ್ಪ ಗೋಡೆಯ ಗಡಿಯಾರ ನೋಡಿದ. ಅರ್ಧ ಗಂಟೆ. ತಾನು ನಿನ್ನೆ ಅಷ್ಟು ಅಳದೆ ಇದ್ದಿದ್ದರೆ, ಮಗಳು ಇನ್ನು ಅರ್ಧ ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

11.30ಕ್ಕೆ ದಸ್ತಗಿರಿ ಮೆಮೋ ತಯಾರಾಯಿತು. ನೌಕರನೇ ಮಾಡಿದ ಕಳವು ಎಂದು ಕಲಂ 306 ಸೇರಿತು. ದಸ್ತಗಿರಿಗೆ ಕಾರಣ ಓದಿ ಹೇಳುವುದು ನಿಯಮ, ಮೇಘನಾ ಓದಿದರು. ಕಣ್ಣಾರೆ ಕಂಡ ಸಾಕ್ಷಿಯ ಹೆಸರು ಬಂದಾಗ ಮೇಷ್ಟ್ರು ತಲೆ ಎತ್ತಿ ಜಯಪ್ಪನನ್ನು ನೋಡಿದರು.

“ಒಳ್ಳೇದಾಯ್ತು,” ಎಂದರು. “ಇನ್ನು ಅವಳ ಆರ್ಡರಿಗೆ ತೊಂದ್ರೆ ಇಲ್ಲ ಅಲ್ದಾ?”

ಜಯಪ್ಪ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಸ್ವಿಚ್ ಬೋರ್ಡಿಗೆ ಟೇಪ್ ಯಾಕೆ ಹಚ್ಚಿದ್ರಿ?” ಮೇಘನಾ ಕೇಳಿದರು.

“ಹಚ್ಚಿದ್ನಾ?” ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ.

“ಅವನ ಹತ್ರಾನೇ ಮತ್ತೆ ಕೆಲಸಕ್ಕೆ ಯಾಕೆ ಸೇರಿದ್ರಿ?”

“ಹೊಟ್ಟೆಗೆ ಬೇಕಿತ್ತು, ಸುಳ್ಳು ಯಾಕೆ ಹೇಳ್ಲಿ. ಗಿರಣೀಲಿ ಮಕ್ಳ ಚಿತ್ರ ಕೊಳೀತಾ ಇದಾವೆ, ಹೆಂಗಾದ್ರೂ ಈಚೆಗೆ ತರ್ಬೇಕು ಅಂತಾನೂ ಇತ್ತು. ಹೆಸರು ಕತ್ತರಿಸು ಅಂದಾಗ ಕತ್ತರಿಸ್ದೆ ಮೇಡಂ, ಆವಾಗ್ಲೂ ಸುಮ್ನಿದ್ದೆ. ಭಾನುವಾರ ಸಂಜೆ ಆ ಪೋಸ್ಟರ್ ಅಂಟಿಸಿದ್ರು. ದುಬೈ, ಸಿಂಗಪುರ. ಬೆಳಿಗ್ಗೆ ಹೊಸ ಮಕ್ಳ ಅಪ್ಪಂದಿರು ಬರ್ತಾರೆ, ಅವರಿಗೆ ಆ ಗೋಡೆ ತೋರ್ಸಿ ಮಾತಾಡೋ ಕೆಲಸ ನಂದು. ಮೊದಲ್ನೇ ಸಲ ನಂಗೇ ಗೊತ್ತಿಲ್ದೆ ಸುಳ್ಳು ಹೇಳಿದ್ದೆ. ನಂಬಿಯೇ ಹೇಳಿದ್ದೆ. ಈ ಸಲ ಗೊತ್ತಿದ್ದೂ ಹೇಳ್ಬೇಕಾಗಿತ್ತು.” ಮೇಷ್ಟ್ರು ಚೀಲವನ್ನು ಕಾಲಬುಡಕ್ಕೆ ಸರಿಸಿಕೊಂಡರು. “ಒಬ್ಬೊಬ್ಬರ ಮನೆಗೂ ಹೋಗಿ ಸೇರಿಸ್ಕೊಂಡು ಬಂದೋನು ನಾನು. ವಾಪಸ್ ಕೊಡೋಕೆ ಬೇರೆ ಏನಿತ್ತು ನನ್ ಹತ್ರ?”

ಮುಂದಿನ ಒಂದು ವಾರ ಆದರ್ಶ ಮೂರು ತಾಲ್ಲೂಕು ತಿರುಗಿ, ಮನೆಮನೆಯಿಂದ ಚಿತ್ರಗಳನ್ನು ಕೋರ್ಟಿಗೆ ಒಪ್ಪಿಸಬೇಕಾದ ಮುದ್ದೆಮಾಲೆಂದು ವಾಪಸು ತಂದ. ಹರಿಪ್ರಿಯಾ ಬಾಗಿಲಲ್ಲೇ ಸುರುಳಿ ಕೊಟ್ಟು ಒಳಗೆ ಹೋದಳು. ರಕ್ಷಿತ್ ಕೊಡುವುದಿಲ್ಲವೆಂದು ಜಗಳ ತೆಗೆದ, ಆಮೇಲೆ ಕೊಟ್ಟ. ಮೇಷ್ಟ್ರಿಗೆ ಜಾಮೀನು ಸಿಕ್ಕಿತು. ಸಾಗರದ ಕಡೆ ಎಲ್ಲೋ ನಾಟಕದ ಪರದೆ ಬರೆಯುತ್ತಿದ್ದಾರೆ ಎಂದು ಸುದ್ದಿ ಬಂತು. ಜಯಪ್ಪನಿಗೆ ಒಂದು ವರ್ಷದ ಬಡ್ತಿ ತಡೆಯಾಯಿತು. ಯಶಸ್ವಿನಿಯ ವೆರಿಫಿಕೇಶನ್ ‘ಯಾವುದೇ ಪ್ರಕರಣ ಇರುವುದಿಲ್ಲ’ ಎಂದು ಹೋಯಿತು, ಆದೇಶ ಬಂತು, ಅವಳು ಹೋಗಿ ಕೆಲಸಕ್ಕೆ ಹಾಜರಾದಳು. ಅವತ್ತಿನಿಂದ ಮನೆಯಲ್ಲಿ ಅವಳು ಅಪ್ಪನ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ.

ಜುಲೈ ಮೊದಲ ವಾರ ಕೋರ್ಟಿನ ಆದೇಶ ಬಂತು. ಮುದ್ದೆಮಾಲನ್ನು ಮಾಲೀಕರಿಗೆ ಒಪ್ಪಿಸಬೇಕು. ಮಾಲೀಕ ಎಂದರೆ ಪೂರ್ಣೇಶ್. ಚಿತ್ರಗಳ ಕಟ್ಟು ಹೊತ್ತುಕೊಂಡು ಸಹ್ಯರೇಖಾಕ್ಕೆ ಹೋಗುವ ಕೆಲಸ ಜಯಪ್ಪನ ಪಾಲಿಗೇ ಬಂತು. ಉದ್ಘಾಟನೆ ಯಾವಾಗಲೋ ಆಗಿತ್ತು. ಒಳಗೆ ಗಿಜಿಗಿಜಿ ಜನ.

ಸ್ವಾಗತ ಕೋಣೆಯ ಕೆಮ್ಮಣ್ಣಿನ ಗೋಡೆಯ ಮೇಲೆ ಹೊಸ ಪೋಸ್ಟರು ಅಂಟಿಸಿದ್ದರು. ಅವಸರದಲ್ಲಿ ಅಂಟಿಸಿದ ಗೋಂದು ಸ್ವಿಚ್ ಬೋರ್ಡಿನ ಮೇಲೆಲ್ಲ ಸುರಿದು ಒಣಗಿತ್ತು. ದುಬೈ, ಸಿಂಗಪುರ ಯಾವುದೂ ಇರಲಿಲ್ಲ. ನಟ್ಟನಡುವೆ ಒಂದೇ ದೊಡ್ಡ ಮುಖ, ಯಶಸ್ವಿನಿಯದು. ‘ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿನಿ, ಇಂದು ಗ್ರಾಮ ಆಡಳಿತ ಅಧಿಕಾರಿ.’

“ಈ ಸಲ ಸುಳ್ಳು ಹಾಕಿಲ್ಲ ನೋಡಿ ಜಯಪ್ಪನವ್ರೇ,” ಎಂದ ಪೂರ್ಣೇಶ್, ರಸೀದಿಗೆ ಸಹಿ ಹಾಕುತ್ತ. ಈಗ ಅವನಿಗೆ ಗುರುತು ಚೆನ್ನಾಗಿ ಸಿಕ್ಕಿತ್ತು. ಜಯಪ್ಪನ ಮೈ ಉರಿಯಿತು. ಏನೆಂದು ದೂರು ಕೊಡುವುದು? ಅವಳು ಇವನ ಹಳೆಯ ವಿದ್ಯಾರ್ಥಿನಿ ಹೌದು, ಅಧಿಕಾರಿಯೂ ಹೌದು.

ಪೋಸ್ಟರಿನ ಮುಂದೆ ಒಬ್ಬ ತಂದೆ, ಒಬ್ಬಳು ಮಗಳು ನಿಂತಿದ್ದರು. ಹುಡುಗಿಯ ಕೈಯಲ್ಲಿ ಡ್ರಾಯಿಂಗ್ ಪುಸ್ತಕವಿತ್ತು. ಆತ ಅಕ್ಷರ ಕೂಡಿಸಿ ಕೂಡಿಸಿ ಕೊನೆಯವರೆಗೂ ಓದಿದ. ಆಮೇಲೆ ಪಕ್ಕದಲ್ಲಿ ಖಾಕಿ ಕಂಡು ಧೈರ್ಯ ಬಂದವನಂತೆ ಜಯಪ್ಪನ ಹತ್ತಿರ ಬಂದ.

“ಸಾಹೇಬ್ರೇ, ಇದು ಖರೇನಾ? ಈ ಹುಡುಗಿಗೆ ಗೌರ್ಮೆಂಟ್ ಕೆಲಸ ಸಿಕ್ಕಿದ್ದು?”

ಜಯಪ್ಪ ಮಗಳ ಮುಖವನ್ನು ನೋಡಿದ.

“ನಿಜ,” ಎಂದ.

ಅದು ಪಿಯುಸಿ ಅಂಕದ ಮೇಲೆ ಸಿಕ್ಕಿದ್ದು ಎಂದು ಹೇಳಲು ಅವನು ಬಾಯಿ ತೆರೆಯುವಷ್ಟರಲ್ಲಿ ಆ ಮನುಷ್ಯ ಮಗಳ ಕೈ ಹಿಡಿದುಕೊಂಡು ಅಡ್ಮಿಶನ್ ಕೌಂಟರಿನ ಸಾಲಿನಲ್ಲಿ ನಿಂತಾಗಿತ್ತು.